ಕೊಡ ಸೇದಿಸಿ ಎಬ್ಬಿಸುವ ಮಾಣಿಕಮ್ಮ

ಇನ್ನೂ ನಸುಕು. ಚಿತ್ತಾಪುರ ತಾಲೂಕಿನ ಈ ಸಣ್ಣ ಊರಿನ ಹೈಸ್ಕೂಲಿನ ಹಿಂದೆ ಬಾಡಿಗೆ ಖೋಲಿಗಳ ಸಾಲಿದೆ. ಹೆಂಗಸೊಬ್ಬರು ಬಾಗಿಲು ತಟ್ಟುತ್ತಿದ್ದಾರೆ. "ಏ ಅಂಬಾರಾಯ, ಏಳಪ್ಪ." ಒಳಗಿನಿಂದ "ಎದ್ದೀನಿ ಕಾಕಿ" ಎಂಬ ಉತ್ತರ ಬರುತ್ತದೆ. ಕಾಕಿ ಕದಲುವುದಿಲ್ಲ. "ಎದ್ದಿದ್ರ ಹೊರಗ ಬಾ. ಒಂದು ಕೊಡ ನೀರು ಸೇದು, ನೋಡ್ತೀನಿ."

ಇವರು ಮಾಣಿಕಮ್ಮ. ಶಾಲೆಗೆ ನೀರು ತುಂಬುವುದು ಇವರ ಕೆಲಸ. ಹುಡುಗರನ್ನು ಎಬ್ಬಿಸೆಂದು ಯಾರೂ ಹೇಳಿಲ್ಲ, ಅದಕ್ಕೆ ಪಗಾರವೂ ಇಲ್ಲ. ಮತ್ತೇಕೆ ಈ ಉಸಾಬರಿ? ಅದನ್ನು ತಿಳಿಯಲೆಂದೇ ನಾನು ವಾಡಿಯಲ್ಲಿ ರೈಲು ಇಳಿದು ಬಂದದ್ದು.

ಹೋದ ವರ್ಷ ಇಲ್ಲಿ ಮೆಟ್ರಿಕ್ ಪಾಸಾದವನು ಒಬ್ಬನೇ. ಮೊನ್ನೆಮೊನ್ನೆಯ ತನಕ ಶಾಲೆಯಲ್ಲಿ ಉರ್ದುವಿನಲ್ಲಿ ಓದಿದ್ದನ್ನು ಈಗ ಪರೀಕ್ಷೆಯಲ್ಲಿ ಕನ್ನಡದಲ್ಲಿ ಬರೆಯುವ ಗೋಳು ಒಂದು ಕಡೆ. ತೆಂಗಳಿ, ರಾವೂರಗಳಿಂದ ಬಂದು ಖೋಲಿ ಹಿಡಿದ ಹುಡುಗರು ಬಿಸಿಲೇರುವ ತನಕ ಮಲಗುವುದು ಇನ್ನೊಂದು ಕಡೆ. ಈ ಸಲವೂ ಹೀಗೇ ಆದರೆ ಮೆಟ್ರಿಕ್ ವರ್ಗವೇ ಬಂದ್ ಎಂದು ತನಿಖೆಗೆ ಬಂದ ಸಾಹೇಬರು ಹೇಳಿ ಹೋಗಿದ್ದಾರೆ.

ಬಂದಾದರೆ ಗಂಡುಹುಡುಗರು ಗುಲಬರ್ಗಾಕ್ಕೆ ಹೋದಾರು. ಮಾಣಿಕಮ್ಮನ ಮಗಳು ಭೀಮಬಾಯಿ ಈಗ ಒಂಬತ್ತನೆಯ ಇಯತ್ತೆ, ಬರುವ ವರ್ಷ ಮೆಟ್ರಿಕ್. "ಅಕಿಗಿ ಪರಊರಿಗಿ ಯಾರು ಕಳಸ್ತಾರ್ರಿ? ಇಲ್ಲಿ ವರ್ಗ ಹೋದ್ರ ಅಕಿ ಸಾಲಿನೂ ಹೋತು. ಮಂದಿ ಮಕ್ಕಳ ಮ್ಯಾಲಿನ ಪ್ರೀತಿಗೇನು ನಾ ಎಬ್ಬಸ್ಲಿಕತ್ತಿಲ್ಲ" ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ನನಗೆ ಈ ಮಾತೇ ಹಿಡಿಸುತ್ತದೆ.

ಮೊದಲು ಅವರಿಗೆ ಹೊಳೆದದ್ದು ಬೀಸುವ ಕಲ್ಲು. ಹಳ್ಳಿಯಲ್ಲಿ ತಾಯಿ ಜೋಳ ಬೀಸುವ ಸಪ್ಪಳಕ್ಕೇ ಮನೆ ಏಳುತ್ತದಲ್ಲ, ಆ ಲೆಕ್ಕ. ಮನೆಯ ಕಲ್ಲನ್ನು ಖೋಲಿಗಳ ಮುಂದಿನ ಕಟ್ಟೆಗೆ ಹೊತ್ತು ತಂದು, ಹಾಡುತ್ತ ಬೀಸಿದರಂತೆ. ಆದದ್ದೇ ಬೇರೆ. "ಅವ್ವನ ತೊಡಿ ಮ್ಯಾಲ ಮಲಗಿ ಕೇಳಿದ ಸಪ್ಪಳ ಅಲ್ರಿ ಅದು? ಇನ್ನಾ ಗಡದ್ದ ಮಲಗಿದ್ವು. ನನಗ ತಿಳೀಲೇ ಇಲ್ಲ ನೋಡ್ರಿ."

ಆಮೇಲೆ ಹಿಡಿದದ್ದು ಬಾವಿಯ ಹಗ್ಗ. ನೀರು ಸೇದಿದವನಿಗೆ ಮತ್ತೆ ನಿದ್ದೆ ಎಲ್ಲಿಯದು? ಜೊತೆಗೆ ಶಾಲೆಯ ಹಂಡೆಯೂ ತುಂಬುತ್ತದೆ. ನಿಮ್ಮ ಕೆಲಸ ಹಗುರಾಯಿತಲ್ಲ ಎಂದು ಕೆಣಕುತ್ತೇನೆ. "ಆಗ್ಲೇಳ್ರಿ, ನನ್ನ ಸೊಂಟಾನೂ ಭಾಳ ದಿನದಿಂದ ಅದನ್ನೇ ಬೇಡ್ಲಿಕತ್ತಿತ್ತು."

"ಮುಂಜಾನಿ ಪಾಠಕ್ಕ ಈಗ ಎಲ್ಲಾರೂ ಹಾಜರ್ ಇರ್ತಾರ್ರಿ. ಪಾಸಾಗೂದು ಖುದಾನ ಕೈಯಾಗ ಅದ" ಎನ್ನುತ್ತಾರೆ ಗಣಿತ ಕಲಿಸುವ ಗುಲಾಮ ದಸ್ತಗೀರ ಮಾಸ್ತರರು. ಪರೀಕ್ಷೆ ಮುಂದಿನ ತಿಂಗಳು.

ಬೆಳಕು ಹರಿದ ಮೇಲೆ ಮಾಣಿಕಮ್ಮನ ಜೊತೆ ಅವರ ಮನೆಗೆ ಹೋಗುತ್ತೇನೆ. ಭೀಮಬಾಯಿ ಇನ್ನೂ ಕೌದಿಯೊಳಗೆ. ಊರ ಮಕ್ಕಳನ್ನೆಲ್ಲ ಎಬ್ಬಿಸಿ ಸ್ವಂತ ಮಗಳನ್ನೇಕೆ ಬಿಟ್ಟಿರಿ ಎಂದು ಕೇಳುತ್ತೇನೆ. ಅವರು ಮಗಳ ಕಾಲ ಮೇಲೆ ಕೌದಿ ಎಳೆಯುತ್ತಾರೆ.

"ಈ ವರ್ಷ ಮಲಗ್ಲಿ ಬಿಡ್ರಿ. ಅವ್ರು ಪಾಸಾಗ್ಲಿ, ವರ್ಗ ಉಳೀಲಿ. ಬರೂ ವರ್ಷ ಮೊದಲನೇ ಕೊಡ ಇಕಿದೇ."