ಜರ್ಮನಿಗೆ ಹೊರಟ ಅಕ್ಕ, ಸೈಕಲ್ ಹಿಂದೆ ಓಡಿದ ಭಾವ

ನಮ್ಮಕ್ಕ ಸೈಕಲ್ಲಿನಿಂದ ಬಿದ್ದಳು. ನಲವತ್ತು ದಾಟಿದ ಮೇಲೆ, ಹನುಮಂತನಗರದ ನಮ್ಮ ಮನೆ ಮುಂದಿನ ಇಳಿಜಾರಿನಲ್ಲಿ, ಚೂಡಿದಾರದ ಜೊತೆಗೆ ಸ್ಕೂಟರಿನ ಹೆಲ್ಮೆಟ್ ಹಾಕಿಕೊಂಡು. ಹಿಂದಿನಿಂದ ನಮ್ಮ ಭಾವ ಪಂಚೆ ಎತ್ತಿ ಕಟ್ಟಿಕೊಂಡು, “ಬ್ರೆಮ್ಸೆ! ಬ್ರೆಮ್ಸೆ!” ಎಂದು ಕೂಗುತ್ತಾ ಓಡಿ ಬರುತ್ತಿದ್ದರು. ಅದು ಜರ್ಮನ್. ಹಾಗೆಂದರೆ ಬ್ರೇಕು.

ಅಕ್ಕ ಬ್ರೇಕ್ ಹಿಡಿಯಲಿಲ್ಲ. ಎದುರು ಮನೆಯವರ ದಾಸವಾಳದ ಗಿಡಕ್ಕೆ ನೇರವಾಗಿ ನುಗ್ಗಿ, ಕಾಲು ಮೇಲೆ ಮಾಡಿಕೊಂಡು ಮಲಗಿಬಿಟ್ಟಳು.

“ಬ್ರೇಕ್ ಯಾಕೆ ಹಿಡೀಲಿಲ್ವೇ?” ಎಂದು ನಾನು ಗಾಬರಿಯಿಂದ ಓಡಿ ಹೋಗಿ ಕೇಳಿದೆ.

ಗಿಡದ ಒಳಗಿಂದ ಉತ್ತರ ಬಂತು. “ಬ್ರೇಕು ಗಂಡೋ ಹೆಣ್ಣೋ ಅಂತ ಯೋಚನೆ ಮಾಡ್ತಿದ್ದೆ ಕಣೇ!”

“ಹೆಣ್ಣು,” ಎಂದರು ಭಾವ, ಏದುಸಿರು ಬಿಡುತ್ತಾ. “ನಿನ್ನೆ ತಾನೆ ಹೇಳ್ಕೊಟ್ಟಿದ್ನಲ್ಲ!”

ಎದುರು ಮನೆಯವರು ಬಾಗಿಲು ತೆರೆದು ನೋಡಿದಾಗ ನಾವು ಮೂವರೂ ರಸ್ತೆಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. (ದಾಸವಾಳದ ಗಿಡ ಬದುಕಿದೆ. ಚಿಂತೆ ಬೇಡ.)

ಇದು ಒಂದು ವರ್ಷದ ಹಿಂದಿನ ಮಾತು. ಈಗ ಇಬ್ಬರೂ ಜರ್ಮನಿಯಲ್ಲಿದ್ದಾರೆ. ಟೂರಿಗೆ ಹೋದದ್ದಲ್ಲ, ಇರಲಿಕ್ಕೇ ಹೋದದ್ದು. ಹೇಗೆ ಹೋದರು ಅಂತ ಮೊದಲಿನಿಂದ ಹೇಳುತ್ತೇನೆ ಕೇಳಿ.

ನಮ್ಮಕ್ಕ ಶೈಲಜಾ ನರ್ಸು. ಚಾಮರಾಜಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ವಾರ್ಡಿನ ಉಸ್ತುವಾರಿ ಅವಳದು. ಭಾವ ರುದ್ರೇಶ್ ಚಿಕ್ಕಪೇಟೆಯವರು. ಮನೆತನದ ಸೀರೆ ಅಂಗಡಿ. ಬಿಳಿ ಹಾಸಿಗೆಯ ಮೇಲೆ ಕೂತು, ಬಂದವರಿಗೆಲ್ಲ ಅವರವರ ಭಾಷೆಯಲ್ಲೇ ಸೀರೆ ಬಿಚ್ಚಿ ತೋರಿಸುವುದು ಅವರ ಕೆಲಸ. ಮಕ್ಕಳಿಲ್ಲ. (ಅದಕ್ಕೆ ಅವರೇ ತಲೆ ಕೆಡಿಸಿಕೊಂಡಿಲ್ಲ, ದಯವಿಟ್ಟು ನೀವೂ ಕೆಡಿಸಿಕೊಳ್ಳಬೇಡಿ.) ಇಬ್ಬರೂ ಚಾಮರಾಜಪೇಟೆಯ ದೊಡ್ಡ ಮನೆಯಲ್ಲಿ ಭಾವನ ಅಮ್ಮ, ಅಣ್ಣನ ಸಂಸಾರ, ಎಲ್ಲರ ಜೊತೆಗಿದ್ದರು.

ಸುಖವಾಗಿದ್ದರು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅಕ್ಕನನ್ನು ಯಾರೂ ಕೇಳಿರಲಿಲ್ಲ.

ಅಕ್ಕನ ಡ್ಯೂಟಿಗೆ ಶುರು ಅಂತ ಇತ್ತು, ಮುಗಿಯುವುದು ಅಂತ ಇರಲಿಲ್ಲ. ಬದಲಿ ನರ್ಸ್ ಬರಲಿಲ್ಲವೇ? ಶೈಲಜಾ ಸಿಸ್ಟರ್ ಇದ್ದಾರೆ. ಭಾನುವಾರ ಜನ ಕಡಿಮೆಯೇ? ಶೈಲಜಾ ಸಿಸ್ಟರ್ ಇದ್ದಾರೆ. ಊಟ ನಿಂತುಕೊಂಡು, ನಿದ್ದೆ ಕೂತುಕೊಂಡು. ನಮ್ಮ ಮನೆಯ ಪೂಜೆ, ನಾಮಕರಣ ಎಲ್ಲಕ್ಕೂ ಅವಳು ಬರುತ್ತಿದ್ದುದು ಎಲೆ ಎತ್ತುವ ಹೊತ್ತಿಗೆ.

ಒಂದು ದಿನ ಅವಳ ಹಳೆಯ ಜೂನಿಯರ್ ಒಬ್ಬಳು ಜರ್ಮನಿಯಿಂದ ಫೋಟೋ ಕಳಿಸಿದಳು. ಹೊಳೆ ದಂಡೆ, ಪಕ್ಕದಲ್ಲಿ ಸೈಕಲ್ಲು, ನಗುತ್ತಾ ನಿಂತ ಹುಡುಗಿ. ಅಕ್ಕ ಅದನ್ನು ನನಗೆ ತೋರಿಸಿದಳು.

“ಹೊಳೆ ಚೆನ್ನಾಗಿದೆ,” ಎಂದೆ.

“ಹೊಳೆ ಯಾವಳಿಗೆ ಬೇಕು? ಬಿಸಿಲು ನೋಡೇ! ಡ್ಯೂಟಿ ಮುಗಿಸಿ ಬಂದಿದಾಳೆ, ಇನ್ನೂ ಬಿಸಿಲಿದೆ!”

ಅವತ್ತೇ ತೀರ್ಮಾನವಾಯಿತು. ಅಲ್ಲಿ ನರ್ಸುಗಳು ಬೇಕಾಗಿದ್ದಾರೆ, ಅವಳಿಗೆ ಅನುಭವವಿದೆ, ಬೇಕಾದದ್ದು ಭಾಷೆಯೊಂದೇ. ಭಾವನಿಗೆ ಹೇಳಿದಳು. ಕ್ವಾಲಿಟಿ ಆಫ್ ಲೈಫ್ ಬೇಕು ಎಂದಳು.

ಭಾವ ಬೆಚ್ಚಿದರು. ಕ್ವಾಲಿಟಿ ಎಂದರೆ ಅವರಿಗೆ ರೇಷ್ಮೆಯದು ಗೊತ್ತು, ಜರಿಯದು ಗೊತ್ತು. ಲೈಫಿನದು?

“ನಮಗೇನೇ ಕಮ್ಮಿಯಾಗಿದೆ ಇಲ್ಲಿ? ಲಾಲ್‌ಬಾಗ್ ಇದೆ, ದೋಸೆ ಇದೆ, ವೆದರ್ ಇದೆ!”

“ಲಾಲ್‌ಬಾಗಿಗೆ ನಾನು ಕೊನೇ ಸಲ ಹೋಗಿದ್ದು ಯಾವಾಗ ಹೇಳಿ ನೋಡೋಣ?”

ಭಾವ ಯೋಚಿಸಿದರು. ತುಂಬಾ ಹೊತ್ತು ಯೋಚಿಸಿದರು. ಕೊನೆಗೆ, “ನಮ್ಮ ಎಂಗೇಜ್‌ಮೆಂಟ್ ಆದ್ಮೇಲೆ ಹೋಗಿದ್ವಲ್ಲ?” ಎಂದರು.

ನಾವು ಬೆಂಗಳೂರಿನವರು ವೆದರ್ ಬಗ್ಗೆ ಎಷ್ಟು ಜಂಭ ಕೊಚ್ಚಿಕೊಳ್ಳುತ್ತೇವಲ್ಲವೇ? ನಮ್ಮಲ್ಲಿ ಅರ್ಧ ಜನ ಬೆಳಗಾಗುವ ಮೊದಲು ಒಳಗೆ ಹೋಗಿ, ಕತ್ತಲಾದ ಮೇಲೆ ಹೊರಗೆ ಬರುವವರು. ವೆದರ್ ಇದ್ದರೇನು, ಅದರಲ್ಲಿ ನಿಲ್ಲುವ ಪುರುಸೊತ್ತು ಬೇಡವೇ?

ಸರಿ, ಅಕ್ಕ ಜರ್ಮನ್ ಕ್ಲಾಸಿಗೆ ಸೇರಿದಳು. ಮಲ್ಲೇಶ್ವರದಲ್ಲಿ, ಕುರುಕಲು ತಿಂಡಿ ಅಂಗಡಿಯೊಂದರ ಮಹಡಿಯ ಮೇಲೆ. ಕೆಳಗೆ ಕೋಡುಬಳೆ ಕರಿಯುತ್ತಿದ್ದರೆ ಮೇಲೆ ವ್ಯಾಕರಣ. ಜೊತೆಯಲ್ಲಿದ್ದವರೆಲ್ಲ ಅವಳ ಅರ್ಧ ವಯಸ್ಸಿನವರು. “ಮಚ್ಚಾ, ನೋಟ್ಸ್ ಆಂಟಿ ಹತ್ರ ಇಸ್ಕೋ” ಎಂಬುದು ಆ ಕ್ಲಾಸಿನ ಮಂತ್ರವಾಯಿತು. ಆಂಟಿ ಎಂದಿದ್ದಕ್ಕೆ ಅಕ್ಕನಿಗೆ ಸಿಟ್ಟು. ನೋಟ್ಸ್ ತನ್ನದೇ ಬೇಕು ಎಂದಿದ್ದಕ್ಕೆ ಖುಷಿ.

ಜರ್ಮನ್ ಭಾಷೆಯ ಗ್ರಹಚಾರ ಏನೆಂದರೆ, ಅಲ್ಲಿ ಸಾಮಾನು ಸರಂಜಾಮಿಗೆಲ್ಲ ಲಿಂಗವಿದೆ. ಚಮಚ ಗಂಡು. ಫೋರ್ಕು ಹೆಣ್ಣು. ಚಾಕು ನಪುಂಸಕ. ಹೋಗಲಿ ಎಂದರೆ, ಹುಡುಗಿ ಕೂಡ ನಪುಂಸಕ! ಅಕ್ಕ ಇದನ್ನು ಊಟದ ಹೊತ್ತಿಗೆ ಹೇಳಿದಾಗ ಅತ್ತೆ, ಅಂದರೆ ಭಾವನ ಅಮ್ಮ, ಕೈಯಲ್ಲಿದ್ದ ತುತ್ತು ಕೆಳಗಿಟ್ಟು ಕೇಳಿದರಂತೆ. “ಅಲ್ಲ ಕಣೇ ಶೈಲೂ, ಹುಡುಗಿ ಯಾವುದು ಅಂತಾನೇ ಗೊತ್ತಾಗದ ಊರಿಗೆ ಹೋಗ್ತೀಯಾ?”

ಗಂಡ ಜೊತೆಗೆ ಬರಬೇಕಾದರೆ ಅವನಿಗೂ ಒಂದಿಷ್ಟು ಜರ್ಮನ್ ಬರಬೇಕು ಎಂದು ಗೊತ್ತಾಯಿತು. ಭಾವ ಇನ್ನೂ ಒಪ್ಪಿರಲಿಲ್ಲ. ಆದರೆ ಅಕ್ಕನಿಗೆ ಪಾಠ ಒಪ್ಪಿಸಲು ಮನೆಯಲ್ಲಿ ಬೇರೆ ಯಾರೂ ಸಿಗುತ್ತಿರಲಿಲ್ಲ. ಹಾಗೆ ಪುಸ್ತಕ ಹಿಡಿದುಕೊಂಡು ಕೂತ ಭಾವನ ಬಾಯಿಗೆ ಭಾಷೆ ಅಂಟತೊಡಗಿತು. ಜರ್ಮನ್ನರು ದಯವಿಟ್ಟು ಎನ್ನುವುದಕ್ಕೆ ‘ಬಿಟ್ಟೆ’ ಎನ್ನುತ್ತಾರೆ ಎಂದು ತಿಳಿದ ದಿನ ನನಗೆ ಅಂಗಡಿಯಿಂದಲೇ ಫೋನ್ ಮಾಡಿದರು.

“ಏನಮ್ಮಾ ಇದು ಮಜಾ! ಚಿಕ್ಕಪೇಟೆಲಿ ದಿನಾ ಚೌಕಾಸಿ ಮಾಡಿ ಮಾಡಿ ಕೊನೆಗೆ ‘ಬಿಟ್ಟೆ ತಾಯಿ, ತಗೊಂಡ್ಹೋಗಿ’ ಅಂತಿದೀನಿ. ಇಷ್ಟು ವರ್ಷ ನಾನು ಜರ್ಮನ್ನೇ ಮಾತಾಡ್ತಿದ್ನಲ್ಲ!”

ಪರೀಕ್ಷೆಯ ದಿನ ಬಂತು. ಬರೆಯುವುದರಲ್ಲಿ, ಓದುವುದರಲ್ಲಿ ಅಕ್ಕನಿಗೆ ಭಯವಿರಲಿಲ್ಲ. ಉಳಿದದ್ದು ಮಾತಾಡುವ ಪರೀಕ್ಷೆ. ನಾನೂ ಭಾವನೂ ಹೊರಗೆ ಫುಟ್‌ಪಾತಿನಲ್ಲಿ ಎಳನೀರು ಕುಡಿಯುತ್ತಾ ಕಾದೆವು.

ಅಕ್ಕ ಹೊರಗೆ ಬಂದಳು. ಮುಖದಲ್ಲಿ ರಕ್ತವಿರಲಿಲ್ಲ.

“ಏನಾಯ್ತು? ಪ್ರಶ್ನೆ ಅರ್ಥವಾಗ್ಲಿಲ್ವಾ?” ಎಂದೆ.

“ಅರ್ಥ ಆಯ್ತು. ಬಿಡುವಿನ ವೇಳೆಯಲ್ಲಿ ನೀವು ಏನು ಮಾಡ್ತೀರಿ ಅಂತ ಕೇಳಿದ್ರು.”

“ಸುಲಭದ್ದೇ ಅಲ್ವಾ?”

“ನನಗೆ ಜರ್ಮನ್ ಗೊತ್ತಿತ್ತು ಕಣೇ. ಉತ್ತರ ಗೊತ್ತಿರ್ಲಿಲ್ಲ.”

ಏನಾದರೂ ಒಂದು ಸುಳ್ಳು ಹೇಳಬಾರದಿತ್ತೇ? ಹೇಳಬಹುದಿತ್ತು. ಈಜುತ್ತೇನೆ, ಪಿಟೀಲು ಬಾರಿಸುತ್ತೇನೆ, ಅಂಚೆಚೀಟಿ ಕೂಡಿಡುತ್ತೇನೆ ಅಂತ. ಪದಗಳೆಲ್ಲ ಬಾಯಿಪಾಠ ಇದ್ದವು. ಆದರೆ ಆ ಪ್ರಶ್ನೆ ಕೇಳಿದ ಕ್ಷಣ ಅವಳು ನಿಜವಾಗಿಯೂ ಯೋಚಿಸಿಬಿಟ್ಟಳಂತೆ. ಬಿಡುವಿದ್ದಾಗ ನಾನು ಏನು ಮಾಡುತ್ತೇನೆ? ಯೋಚಿಸಿದಳು, ಯೋಚಿಸಿದಳು, ಸಮಯ ಮುಗಿದೇ ಹೋಯಿತು. ಪಾಪ, ಎದುರಿಗಿದ್ದಾಕೆ ಒಂದು ಲೋಟ ನೀರು ಕೊಟ್ಟರಂತೆ.

ಅಕ್ಕ ಅಲ್ಲೇ ಫುಟ್‌ಪಾತಿನಲ್ಲಿ ಅತ್ತಳು. ಅವಳು ಅಳುವುದನ್ನು ನಾನು ನೋಡಿದ್ದು ಕಡಿಮೆ. ಭಾವ ಕೈಯಲ್ಲಿದ್ದ ಎಳನೀರನ್ನು ಅವಳಿಗೆ ಕೊಟ್ಟು, ರಸ್ತೆ ನೋಡುತ್ತಾ ನಿಂತರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು. “ನನ್ನ ಕೇಳಿದ್ರೆ ನಾನೇನು ಹೇಳ್ತಿದ್ದೆ ಅಂತೀಯಾ?”

ಮರುದಿನ ನಮ್ಮ ಮನೆ ಬಾಗಿಲಿಗೆ ಸೆಕೆಂಡ್ ಹ್ಯಾಂಡ್ ಸೈಕಲ್ಲೊಂದು ಬಂತು. ಲೇಡೀಸ್ ಸೈಕಲ್ಲು, ಮುಂದೆ ಬುಟ್ಟಿ ಬೇರೆ. ಅದನ್ನು ತಳ್ಳಿಕೊಂಡು ಬಂದವರು ಭಾವ. ಚಾಮರಾಜಪೇಟೆಯಲ್ಲಿ ಕಲಿತರೆ ಪೇಷೆಂಟುಗಳೆಲ್ಲ ನೋಡಿ ನಗುತ್ತಾರೆ, ಅದಕ್ಕೆ ನಿಮ್ಮ ಏರಿಯಾ ಎಂದರು. ಭಾನುವಾರ ಡ್ಯೂಟಿಗೆ ಬರುವುದಿಲ್ಲ ಎಂದು ಅಕ್ಕ ನರ್ಸಿಂಗ್ ಹೋಮಿಗೆ ಹೇಳಬೇಕಿತ್ತು. ಅವಳ ಕೈಯಲ್ಲಾಗಲಿಲ್ಲ. ಭಾವನೇ ಪಕ್ಕದಲ್ಲಿ ಕೂತು, ಫೋನ್ ಅವಳ ಕೈಗಿತ್ತು, “ಹೇಳು, ಹೇಳು” ಎಂದು ತಿವಿದು ಹೇಳಿಸಿದರು. ಆಕಾಶವೇನೂ ಕಳಚಿ ಬೀಳಲಿಲ್ಲ. ಬೇರೆ ಸಿಸ್ಟರ್ ಬಂದರು!

ಆಮೇಲೆ ಶುರುವಾದವು ನೋಡಿ ನಮ್ಮ ಭಾನುವಾರಗಳು. ಬಿಡುವಿನಲ್ಲಿ ಏನೇನು ಮಾಡಬಹುದು ಎಂದು ಕಲಿಯಲು ಒಬ್ಬ ಹೆಂಗಸಿಗೆ ಇಡೀ ಕುಟುಂಬ ಟ್ಯೂಷನ್ ಕೊಟ್ಟದ್ದು ಬಸವನಗುಡಿಯ ಇತಿಹಾಸದಲ್ಲೇ ಮೊದಲಿರಬೇಕು. ಬ್ಯೂಗಲ್ ರಾಕಿನ ಬಂಡೆಯ ಮೇಲೆ ಕೂತು ಕಡಲೆಕಾಯಿ ತಿಂದೆವು. ಲಾಲ್‌ಬಾಗಿನಲ್ಲಿ ಹುಲ್ಲಿನ ಮೇಲೆ ಮಲಗಿ ಗಾರ್ಡಿನಿಂದ ಬೈಸಿಕೊಂಡೆವು. ಗಾಂಧಿ ಬಜಾರಿನಲ್ಲಿ ಏನನ್ನೂ ಕೊಳ್ಳದೆ ಸುಮ್ಮನೆ ಓಡಾಡಿದೆವು. ಎಲ್ಲಕ್ಕೂ ಭಾವನ ಜರ್ಮನ್ ಕಾಮೆಂಟರಿ. ದರ್ಶಿನಿಯಲ್ಲಿ ಕಾಫಿಯನ್ನೂ ಜರ್ಮನ್ನಿನಲ್ಲೇ ಕೇಳಿದರು. ಕೌಂಟರಿನವನು ರೆಪ್ಪೆ ಬಡಿಯದೆ, “ಶುಗರ್‌ಲೆಸ್ಸಾ ಸಾರ್?” ಎಂದ.

ಸೈಕಲ್ಲಿನ ಕಥೆ ಆಗಲೇ ಹೇಳಿದೆನಲ್ಲ. ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಒಂದು ಬೆಳಗ್ಗೆ ಭಾವ ಸೀಟು ಬಿಟ್ಟದ್ದು ಅವಳಿಗೆ ತಿಳಿಯಲೇ ಇಲ್ಲ. ದುಪಟ್ಟಾ ಹಾರಿಸಿಕೊಂಡು ತಿರುವಿನವರೆಗೂ ಹೋಗಿಬಿಟ್ಟಳು. ಭಾವ ನಡುರಸ್ತೆಯಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಹಿಂದೆ ನಿಂತಿದ್ದ ಆಟೋದವನು ಹಾರ್ನ್ ಹೊಡೆಯುವುದು ಬಿಟ್ಟು ತಾನೂ ತಟ್ಟಿದ.

ಎರಡನೇ ಸಲ ಪರೀಕ್ಷೆಗೆ ಹೋದಳು. ಬಿಡುವಿನ ಪ್ರಶ್ನೆ ಈ ಸಲ ಬರಲೇ ಇಲ್ಲ. ಪರಿಸರ ಮಾಲಿನ್ಯದ ಬಗ್ಗೆ ಕೇಳಿದರಂತೆ. ಅಕ್ಕ ಬಿಟ್ಟಾಳೆಯೇ? ಮಾಲಿನ್ಯ ಕಡಿಮೆ ಮಾಡಲು ಸೈಕಲ್ ತುಳಿಯಬೇಕು, ನಾನು ಭಾನುವಾರ ಸೈಕಲ್ ತುಳಿಯುತ್ತೇನೆ, ಹೇಗೆಂದರೆ... ಎಂದು ಶುರು ಹಚ್ಚಿಕೊಂಡವಳು ದಾಸವಾಳದ ಗಿಡದವರೆಗೂ ಹೇಳಿದಳಂತೆ. ಸಾಕು ಅಂತ ಅವರೇ ನಿಲ್ಲಿಸಬೇಕಾಯಿತು. ಪಾಸು! ಭಾವನೂ ತಮ್ಮ ಸಣ್ಣ ಪರೀಕ್ಷೆ ಪಾಸಾದರು.

ಇನ್ನೊಂದು ಪರೀಕ್ಷೆ ಮನೆಯಲ್ಲೇ ಉಳಿದಿತ್ತು. ಕೆಲಸ ಸಿಕ್ಕಿದ್ದು ಅಕ್ಕನಿಗೆ. ಭಾವ ಹೋಗುವುದು ಅವಳ ಬೆನ್ನಿಗೆ, ಡಿಪೆಂಡೆಂಟ್ ಆಗಿ. ಒಂದು ಭಾನುವಾರ ನಾನೂ ಚಾಮರಾಜಪೇಟೆಗೆ ಊಟಕ್ಕೆ ಹೋಗಿದ್ದಾಗ ಭಾವನ ಅಣ್ಣ ಎಲ್ಲರೆದುರು ಕಿಚಾಯಿಸಿದರು. “ಏನಪ್ಪಾ ರುದ್ರೇಶ, ಹೆಂಡ್ತಿ ವೀಸಾ ಹಿಡ್ಕೊಂಡು ಹೊರಟ್ಯಂತೆ?”

ಭಾವನ ಮುಖ ಸಣ್ಣದಾಯಿತು. ಅಕ್ಕ ತಟ್ಟೆ ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮಾತಾಡಿದರು. ಹಣೆ ತುಂಬ ವಿಭೂತಿ, ದನಿ ಮಾತ್ರ ತಣ್ಣಗೆ.

“ನಾನು ದೊಡ್ಡಬಳ್ಳಾಪುರದಿಂದ ಈ ಮನೆಗೆ ಯಾರ ವೀಸಾ ಮೇಲೆ ಬಂದೆ? ನಿಮ್ಮಪ್ಪಂದು. ನಿನ್ನ ಹೆಂಡ್ತಿ ತಿಪಟೂರಿಂದ ಯಾರ ವೀಸಾ ಮೇಲೆ ಬಂದ್ಳು? ನಿಂದು. ಆಗ ಯಾರಾದ್ರೂ ನಕ್ಕಿದ್ರಾ?”

ಯಾರೂ ನಗಲಿಲ್ಲ. ಅಣ್ಣನ ಹೆಂಡತಿ ಮಾತ್ರ ಅಡುಗೆಮನೆ ಬಾಗಿಲಲ್ಲಿ ನಿಂತು ಕಿಸಕ್ಕನೆ ನಕ್ಕರು. ಅಣ್ಣ ಹುಳಿ ಬಡಿಸಿಕೊಂಡರು. ಅತ್ತೆ ಭಾವನ ಕಡೆ ತಿರುಗಿ, “ಹೋಗಿ ಬಾರಪ್ಪ. ಅಲ್ಲಿ ಸ್ನಾನಕ್ಕೆ ಬಿಸಿನೀರಿರುತ್ತೆ ತಾನೆ?” ಎಂದರು. ಆಮೇಲೆ ಕೈ ತೊಳೆಯಲು ಹೋದವರು ಬರುವುದು ಸ್ವಲ್ಪ ತಡವಾಯಿತು. ಕಣ್ಣು ಕೆಂಪಾಗಿತ್ತು. ನಾವು ಹುಳಿ ಖಾರವಾಗಿದೆ ಅಂದುಕೊಂಡಂತೆ ಮಾಡಿದೆವು.

ಹೋದರು. ಏರ್‌ಪೋರ್ಟಿನಲ್ಲಿ ಭಾವ ಅತ್ತರು, ಅಕ್ಕ ಅಳಲಿಲ್ಲ. ಹೊಳೆ ಇರುವ ಪುಟ್ಟ ಊರಿನಲ್ಲಿದ್ದಾರೆ. ಎಲ್ಲವೂ ಸ್ವರ್ಗವೇನಲ್ಲ. ಬ್ರೆಡ್ಡು ಕಲ್ಲಿನ ಹಾಗಿದೆಯಂತೆ. ಮೋಡ ಮುಚ್ಚಿದರೆ ವಾರಗಟ್ಟಲೆ ಬಿಡುವುದಿಲ್ಲವಂತೆ. ನೆರೆಮನೆಯವರು ನಗಲು ಮೊದಲೇ ಅಪಾಯಿಂಟ್‌ಮೆಂಟ್ ಬೇಕಂತೆ. ಭಾವ ಪರದೆ ಬಟ್ಟೆಯ ಅಂಗಡಿಯೊಂದಕ್ಕೆ ದಿನಾ ಹೋಗಿ ಬಟ್ಟೆ ಮುಟ್ಟಿ ಮುಟ್ಟಿ, ಮಾತಾಡಿ ಮಾತಾಡಿ, ಕೊನೆಗೆ ಆ ಮಾಲಕಿ, “ಇಲ್ಲೇ ಕೆಲಸ ಮಾಡಿಬಿಡಿ ಮಾರಾಯರೇ” ಎನ್ನುವ ಹಾಗೆ ಮಾಡಿದ್ದಾರೆ. (ಮಾರಾಯರೇ ಎಂಬುದು ಭಾವನ ಅನುವಾದ.)

ಮೊನ್ನೆ ಅಕ್ಕನ ಫೋನ್ ಬಂತು. ದನಿ ಸಣ್ಣಗಿತ್ತು.

“ನಮ್ಮ ಮ್ಯಾನೇಜರ್ ಇವತ್ತು ನನ್ನ ಕರೆದು ಬೈದ್ಲು ಕಣೇ.”

ನಾನು ಕೂತಲ್ಲಿಂದ ಎದ್ದು ನಿಂತೆ. “ಏನ್ ತಪ್ಪು ಮಾಡ್ದೆ?”

“ಡ್ಯೂಟಿ ಮುಗಿದ್ಮೇಲೂ ವಾರ್ಡಲ್ಲೇ ಇದ್ದೆ ಅಂತ!”

ಫೋನಿನ ಎರಡೂ ಕಡೆ ಎಷ್ಟು ನಕ್ಕೆವೆಂದರೆ ಪಕ್ಕದಲ್ಲಿದ್ದ ನನ್ನ ಗಂಡ ಟಿವಿ ಆರಿಸಿ ಎದ್ದು ಹೋದರು.

ಈಗ ನೀವು ಹೇಳಿ: ನಮ್ಮೂರಿನಲ್ಲಿ ಯಾವತ್ತಾದರೂ, ಯಾರಿಗಾದರೂ, ಈ ತಪ್ಪಿಗೆ ಬೈಗುಳ ಬಿದ್ದಿದೆಯೇ?