ಒಂದೇ ಕೈಗೊಂದು ಚಾಕು

ಹೋದ ವಾರ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದೆ. ಬಹಳ ದಿನದಿಂದ ಮೂಲೆಗೆ ಬಿದ್ದಿದ್ದ ಯಂತ್ರ, ಚಕ್ರ ತಿರುಗಿಸಿದರೆ ನನ್ನ ಮಂಡಿಯ ಹಾಗೆಯೇ ಗೊಣಗುತ್ತಿತ್ತು. ಡಬ್ಬಿಯ ಮೂತಿ ಒತ್ತಿದಾಗ ಎಣ್ಣೆ ಹೆಚ್ಚೇ ಬಿದ್ದು ಬೆರಳೆಲ್ಲ ಜಿಡ್ಡಾಯಿತು. ಒರೆಸಿಕೊಳ್ಳಲು ಬಟ್ಟೆ ಹುಡುಕಿದವಳು ಹಾಗೇ ನಿಂತುಬಿಟ್ಟೆ. ಆ ವಾಸನೆ... ಪಾಂಡವಪುರದ ಹೈಸ್ಕೂಲಿನ ಆಟದ ಸಾಮಾನಿನ ಕೋಣೆ, ಸುತ್ತಿಟ್ಟ ಡೇರೆ ಬಟ್ಟೆ, ನೆಲದ ಮೇಲೆ ಹಳೇ ಪೇಪರು, ಅದರ ಮೇಲೆ ಸಾಲಾಗಿ ಮಡಚು ಚಾಕುಗಳು. ಒಂದೊಂದರ ಕೀಲಿಗೂ ಇದೇ ಎಣ್ಣೆ ಬಿಡುತ್ತಾ ಚಕ್ಕಳಮಕ್ಕಳ ಹಾಕಿ ಕೂತಿದ್ದ ನಮ್ಮ ಡ್ರಿಲ್ ಮೇಷ್ಟ್ರು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ನಾಗಮಂಗಲದವಳು, ಆ ಶಾಲೆಯಲ್ಲಿ ಟೀಚರ್ ಕೆಲಸಕ್ಕೆ ಹೊಸಬಳು. ಪ್ರತಿ ಚಳಿಗಾಲ ನಮ್ಮ ಶಾಲೆಯ ಮಕ್ಕಳು ತೊಣ್ಣೂರು ಕೆರೆಯ ಬಳಿ ಡೇರೆ ಹಾಕಿಕೊಂಡು ಕೆಲವು ದಿನ ಇದ್ದು ಬರುವ ರೂಢಿಯಿತ್ತು. ಹೆಣ್ಣುಮಕ್ಕಳ ಜೊತೆಗೆ ಒಬ್ಬ ಮೇಡಂ ಇರಲೇಬೇಕೆಂದು ಹೆಡ್ಮಾಸ್ಟರು ಆ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದರು. ಯಜಮಾನಿಕೆ ಮಾತ್ರ ಡ್ರಿಲ್ ಮೇಷ್ಟ್ರದು. ಶೀಳನೆರೆ ಕಡೆಯ ಬೇಸಾಯದ ಮನೆಯವರು, ಎತ್ತರದ ಆಳು, ಸೀಟಿಯ ಅಗತ್ಯವೇ ಇಲ್ಲದಂಥ ಗಂಟಲು. ಉಳಿದ ದಿನಗಳಲ್ಲಿ ಅವರನ್ನು ಕೇಳುವವರಿರಲಿಲ್ಲ. ಲೆಕ್ಕದ ಮೇಷ್ಟ್ರಿಗೆ ಪಾಠ ಮುಗಿಯದಿದ್ದಾಗಲೆಲ್ಲ ಹೋಗುತ್ತಿದ್ದದ್ದು ಇವರ ಡ್ರಿಲ್ ಪೀರಿಯಡ್ಡೇ. ಕ್ಯಾಂಪಿನಲ್ಲಿ ಮಾತ್ರ ಹೆಡ್ಮಾಸ್ಟರೂ ಅವರ ಮಾತು ಮೀರುವಂತಿರಲಿಲ್ಲ. ವರ್ಷವಿಡೀ ಅವರು ಬದುಕುತ್ತಿದ್ದದ್ದೇ ಆ ದಿನಗಳಿಗಾಗಿ ಎಂದು ನನಗೆ ಆಮೇಲೆ ಅರ್ಥವಾಯಿತು.

ಮೊದಲ ವರ್ಷವೇ ಚಾಕು ಕೊಳ್ಳಲು ನನ್ನನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದರು. ಪ್ರವಾಸಿಗಳಿಗೆಂದು ಹಾಕಿದ್ದ ಅಂಗಡಿಗಳ ಸಾಲಿನಲ್ಲಿ ನಾನು ಕೆಂಪು ಹಿಡಿಯ ಒಂದನ್ನು ಎತ್ತಿಕೊಂಡೆ. ಬಿಚ್ಚುತ್ತಾ ಹೋದರೆ ಅದರಲ್ಲಿ ಇಲ್ಲದ್ದೇ ಇಲ್ಲ. ಚಮಚ, ಕತ್ತರಿ, ಬಾಟಲಿಯ ಬಿರಡೆ ಕೀಳುವ ಸುರುಳಿ, ಇನ್ನೂ ಏನೇನೋ. ಮೇಷ್ಟ್ರು ಅದನ್ನು ಅತ್ತಿತ್ತ ತಿರುಗಿಸಿ ನಕ್ಕರು.

“ಚಮಚ ಯಾಕಮ್ಮ ಇದ್ರಲ್ಲಿ? ಉಣ್ಣಕೆ ದೇವ್ರು ಕೈ ಕೊಟ್ಟಿಲ್ವಾ? ಆ ಸುರುಳೀನೂ ಬ್ಯಾಡ. ನಮ್ಮೈಕ್ಳೇನು ಕೆರೆ ತಾವ ಬ್ರಾಂದಿ ಕುಡೀತಾವಾ?”

ಅವರಿಗೆ ಬೇಕಾದದ್ದು ಕಡಿಮೆ, ಆದರೆ ಅದರಲ್ಲಿ ರಾಜಿ ಇಲ್ಲ. ಅಲಗು ಅಂಗೈಯಗಲಕ್ಕಿಂತ ಉದ್ದವಿರಬಾರದು. ಉದ್ದವಾದಷ್ಟೂ ಹುಡುಗರಿಗೆ ಕತ್ತಿವರಸೆಯ ಚಪಲ ಹತ್ತುತ್ತದೆ. ಬಿಚ್ಚಿದ ಮೇಲೆ ಬೀಗ ಬಿದ್ದಂತೆ ಗಟ್ಟಿಯಾಗಿ ನಿಲ್ಲಬೇಕು, ಇಲ್ಲದಿದ್ದರೆ ಬೆರಳ ಮೇಲೇ ಮಡಚಿಕೊಳ್ಳುತ್ತದೆ. ಡೇರೆ ಬಟ್ಟೆಗೆ ತೂತು ಹಾಕಲು ದಬ್ಬಳದಂಥ ಒಂದು ಮೊನೆ, ಡಬ್ಬ ತೆರೆಯಲು ಒಂದು ಕೊಕ್ಕೆ, ಸೊಂಟಕ್ಕೆ ದಾರ ಕಟ್ಟಿಕೊಳ್ಳಲು ಒಂದು ಉಂಗುರ, ಅಷ್ಟೇ. ಹಿಡಿ ಕೆಂಪಾಗಿದ್ದರೆ ಒಳ್ಳೆಯದು, ಹುಲ್ಲಿನಲ್ಲಿ ಬಿದ್ದರೂ ಕಾಣುತ್ತದೆ. ಅಂಗಡಿಯವನ ಹತ್ತಿರ ನೀರು ಕೇಳಿ, ಕೈ ಒದ್ದೆ ಮಾಡಿಕೊಂಡು, ಜಾರುತ್ತದೋ ಇಲ್ಲವೋ ನೋಡಿಯೇ ಒಂದೊಂದನ್ನೂ ಆರಿಸಿದರು. ನಾನು ನಾಚಿಕೆಯಿಂದ, ಅವರು ಯಾರೋ ನಾನು ಯಾರೋ ಎಂಬಂತೆ ಪಕ್ಕದ ಅಂಗಡಿಯಲ್ಲಿ ಬಳೆ ನೋಡುತ್ತಾ ನಿಂತಿದ್ದೆ.

ನಮ್ಮ ಕಡೆ ಚಾಕು, ಕತ್ತರಿಗಳನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಇಬ್ಬರಿಗೂ ಜಗಳವಾಗುತ್ತದೆ ಎನ್ನುತ್ತಾರೆ. ಒಬ್ಬರು ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಮೇಷ್ಟ್ರು ಇದನ್ನೇ ಕ್ಯಾಂಪಿನ ಕಾನೂನು ಮಾಡಿಕೊಂಡಿದ್ದರು. ಹೊರಡುವ ಹಿಂದಿನ ದಿನ ಅವರು ನೆಲದ ಮೇಲೆ ಚಾಕು ಇಡುತ್ತಿದ್ದರು. ಒಬ್ಬೊಬ್ಬರೂ ಬಂದು ಎತ್ತಿಕೊಂಡು, ಬಿಚ್ಚಿ, ಹಗ್ಗ ಕುಯ್ದು, ಮಡಚಿ, ಮತ್ತೆ ಕೆಳಗಿಡಬೇಕು. ಮಡಚುವಾಗ ತೊಡೆಗೋ ಹೊಟ್ಟೆಗೋ ಒತ್ತಿದರೆ ಅಲ್ಲಿಗೆ ಮುಗಿಯಿತು. ಇಷ್ಟಾಗದವರು ಆ ವರ್ಷ ಕ್ಯಾಂಪಿಗಿಲ್ಲ. ಹೆಡ್ಮಾಸ್ಟರ ಮಗನನ್ನೇ ಒಮ್ಮೆ ಬಿಟ್ಟು ಹೋಗಿದ್ದರು. “ಮೇಷ್ಟ್ರಾದ್ರೂ ಅಷ್ಟೆಯಾ” ಎಂದು ಮೊದಲು ತಾವು ಮಾಡಿ ತೋರಿಸಿ, ಆಮೇಲೆ ನನ್ನಿಂದಲೂ ಮಾಡಿಸುತ್ತಿದ್ದರು. ನಾನು ಹಗ್ಗ ಕುಯ್ಯಲು ಪರದಾಡುವುದನ್ನು ನೋಡಿ ಹುಡುಗಿಯರು ಕಿಸಕ್ಕೆಂದರೆ ಅವರಿಗೂ ಬೈಗುಳ, ನನಗೂ ಬೈಗುಳ.

ನಿವೃತ್ತಿಗೆ ಮುಂಚೆ ಇನ್ನೊಂದೇ ಕ್ಯಾಂಪು ಉಳಿದಿದ್ದಾಗ ಅವರಿಗೆ ಲಕ್ವ ಹೊಡೆಯಿತು. ಕಾಲು ಎಳೆದುಕೊಂಡು ನಡೆಯುವಷ್ಟು ಬಂತು, ತೊದಲುತ್ತಿದ್ದ ಮಾತೂ ಸರಿಹೋಯಿತು. ಬಲಗೈ ಮಾತ್ರ ಬರಲಿಲ್ಲ. ನೋಡಲು ಹೋದ ದಿನ ಅವರ ಹೆಂಡತಿ ತಟ್ಟೆಯಲ್ಲಿ ಅನ್ನ ಕಲಸಿ, ಪಕ್ಕದಲ್ಲಿ ಚಮಚ ಇಟ್ಟರು. ಮೇಷ್ಟ್ರು ಎಡಗೈಯಲ್ಲಿ ಅದನ್ನು ಹಿಡಿದು ನನ್ನ ಮುಖ ನೋಡಿದರು. ಶ್ರೀರಂಗಪಟ್ಟಣದ ಅಂಗಡಿ ಇಬ್ಬರಿಗೂ ನೆನಪಾಗಿತ್ತು. ನೀರು ಕುಡಿಯುವ ನೆಪ ಹೇಳಿ ನಾನು ಅಡುಗೆಮನೆಗೆ ಎದ್ದು ಹೋದೆ.

“ಕ್ಯಾಂಪಿಗೆ ಬತ್ತೀನಿ ಕಣಮ್ಮ” ಎಂದರು ಊಟವಾದ ಮೇಲೆ. “ಒಂದ್ಕೈಲೇ ಬಿಚ್ಚಂಗಿರೋ ಚಾಕು ಒಂದು ನೋಡು. ಇದೊಂದ್ಸಲ ಓಗ್ಬಂದ್ಬುಟ್ರೆ ಸಾಕು, ಆಮೇಲೆ ಮನೇಲಿ ಕುಂತಿರ್ತೀನಿ.”

“ಚಾಕು ಯಾಕೆ ಸಾರ್, ಸುಮ್ನೆ ಬನ್ನಿ. ಅಲ್ಲೇ ಒಂದು ಕುರ್ಚಿ ಹಾಕ್ಕೊಡ್ತೀವಿ.”

“ಕುರ್ಚಿ ಮೇಲೆ ಕೂರಕೆ ತೊಣ್ಣೂರ್ಗಂಟ ಯಾಕ್ ಬರ್ಲಿ? ಐಕ್ಳಿಗೊಂದು ಕಾನೂನು, ನಂಗೊಂದು ಕಾನೂನಾ?”

ನಾನು ಹುಡುಕಲು ಹೊರಟೆ. ಮಡಚು ಚಾಕುವಿನ ಅಲಗಿನಲ್ಲಿ ಉಗುರು ಸಿಕ್ಕಿಸಲು ಒಂದು ಗೀರು ಇರುತ್ತದಲ್ಲ, ಒಂದು ಕೈ ಹಿಡಿ ಹಿಡಿದರೆ ಇನ್ನೊಂದರ ಉಗುರು ಅಲ್ಲಿ ಎಳೆಯಬೇಕು. ಶ್ರೀರಂಗಪಟ್ಟಣದಲ್ಲಿ ನೋಡಿದೆ, ಕೆ.ಆರ್. ಪೇಟೆಯ ಸಂತೆಯಲ್ಲೂ ನೋಡಿದೆ. ಎಲ್ಲವೂ ಎರಡು ಕೈ ಇರುವವರಿಗೇ ಮಾಡಿದವು. ಕೊನೆಗೆ ಅವರ ಹಳೆಯ ಚಾಕುವನ್ನೇ ನಮ್ಮೂರು ನಾಗಮಂಗಲಕ್ಕೆ ಒಯ್ದೆ. ಅಲ್ಲಿ ವಿಗ್ರಹ ಎರಕ ಹೊಯ್ಯುವ ಆಚಾರರೊಬ್ಬರು ನಮ್ಮ ಮನೆಯವರಿಗೆಲ್ಲ ಪರಿಚಯ. ಅಲಗಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಹಿತ್ತಾಳೆಯ ಗುಬುಟು ಕೂರಿಸಿ, ಕೀಲು ಸಡಿಲ ಮಾಡಿ ಕೊಟ್ಟರು. ಎಡಗೈ ಹೆಬ್ಬೆರಳಲ್ಲಿ ತಳ್ಳಿದರೆ ಸಾಕು, ಅಲಗು ಹೊರಗೆ ಬರುತ್ತಿತ್ತು. ಬಸ್ಸಿನಲ್ಲಿ ಬರುತ್ತಾ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮೇಷ್ಟ್ರ ಮನೆಯ ಜಗಲಿಯ ಮೇಲೆ ಚಾಕು ಇಟ್ಟೆ. ಅವರು ಎಡಗೈಯಲ್ಲಿ ಎತ್ತಿಕೊಂಡು ಗುಬುಟು ತಳ್ಳಿದರು. ಅಲಗು ಟಕ್ಕೆಂದು ನಿಂತಿತು. ತಿಂಗಳುಗಳಾದ ಮೇಲೆ ಅವರು ಹಲ್ಲು ಕಾಣಿಸುವಂತೆ ನಕ್ಕದ್ದು ಅಂದೇ. ಹೆಂಡತಿ ಹಿಡಿದುಕೊಂಡ ಹಗ್ಗವನ್ನೂ ಕುಯ್ದರು. ಆಮೇಲೆ... ಆಮೇಲೆ ಮಡಚಬೇಕಿತ್ತು. ಹಿಡಿಯ ಬೆನ್ನಿನ ಮೇಲಿನ ಬೀಗವನ್ನು ಒಂದು ಕೈ ಒತ್ತಿಕೊಂಡಿರಬೇಕು, ಅಲಗನ್ನು ಇನ್ನೊಂದು ಕೈ ಮಡಚಬೇಕು. ಅವರು ಬೆರಳು ಆ ಕಡೆ ಈ ಕಡೆ ಹೊರಳಿಸಿ ನೋಡಿದರು, ಬೆವರಿದರು. ಕಡೆಗೆ ಅಲಗಿನ ಬೆನ್ನನ್ನು ತೊಡೆಗೆ ಒತ್ತಿದರು. ಚಾಕು ಜಾರಿ ಪಂಚೆ ಹರಿಯಿತು. ಅವರ ಹೆಂಡತಿ ಕಿರುಚಿಕೊಂಡರು. ಪುಣ್ಯಕ್ಕೆ ಮೈಗೆ ತಾಗಿರಲಿಲ್ಲ.

ಮೇಷ್ಟ್ರು ಚಾಕುವನ್ನು ಬಿಚ್ಚಿದ ಹಾಗೆಯೇ ಜಗಲಿಯ ಮೇಲಿಟ್ಟರು. “ನಾನು, ನೀನು, ಆ ಆಚಾರಿ, ಮೂರೂ ಜನ ಬಿಚ್ಚೋದ್ನೇ ನೋಡ್ಕಂಡು ಮಡ್ಚೋದ್ನ ಮರ್ತ್ಬುಟ್ವಲ್ಲಮ್ಮ” ಎಂದರು.

“ಮಡ್ಚಕೆ ನಾನಿಲ್ವಾ ಸಾರ್?”

“ನೀನಿದ್ದೀಯ. ಅದ್ಕೇ ನಾನ್ ಬರಂಗಿಲ್ಲ, ಬುಡು.”

ನಾನು ಬೇಡಿಕೊಂಡೆ, ಅವರ ಹೆಂಡತಿಯೂ ಹೇಳಿದರು. ಅವರು ಗೋಡೆಯ ಕಡೆ ತಿರುಗಿ ಕೂತುಬಿಟ್ಟರು.

ಕ್ಯಾಂಪಿಗೆ ಹೊರಡುವ ಬೆಳಿಗ್ಗೆ ಹೆಂಡತಿಯ ಜೊತೆ ನಿಧಾನವಾಗಿ ಶಾಲೆಯ ಗೇಟಿನವರೆಗೆ ಬಂದರು. ಜೇಬಿನಿಂದ ಆ ಚಾಕು ತೆಗೆದು ನನ್ನ ಕಡೆ ಚಾಚಿದರು.

“ಕೆಳಗಿಡಿ ಸಾರ್, ಎತ್ಕೋತೀನಿ.”

“ಬಗ್ಗುದ್ರೆ ಮತ್ತೆ ಏಳಕಾಗಲ್ಲ ಕಣಮ್ಮ. ಕೈಗೇ ತಗೋ. ಜಗಳ ಆದ್ರೆ ಆಗ್ಲಿ.”

ತೆಗೆದುಕೊಂಡೆ. ಅವರ ಕೈ ತಣ್ಣಗಿತ್ತು. ಬಸ್ಸು ಹೊರಟಾಗ ಮಕ್ಕಳೆಲ್ಲ ಕಿಟಕಿಯಿಂದ ಕೂಗಿದರು. ಅವರು ಎತ್ತಿದ ಎಡಗೈಯನ್ನು ಬಸ್ಸು ತಿರುಗುವವರೆಗೂ ಇಳಿಸಲಿಲ್ಲ.

ವಾಪಸು ಬಂದವಳು ನೇರ ಅವರ ಮನೆಗೇ ಹೋದೆ. ಚಾಕುವನ್ನು ಅವರ ಪಕ್ಕದಲ್ಲಿಟ್ಟು, ಖುಷಿಯಲ್ಲಿ ಬಡಬಡ ಮಾತಾಡಿದೆ. ಡೇರೆ ಗಾಳಿಗೆ ಅಲ್ಲಾಡಲಿಲ್ಲ, ಅಡುಗೆ ಸೀಯಲಿಲ್ಲ, ಎಲ್ಲ ಅವರು ಕಲಿಸಿದ ಹಾಗೆಯೇ ನಡೆಯಿತು ಎಂದೆ.

“ಒಬ್ರೂ ಬೆರಳು ಕುಯ್ಕಳ್ನಿಲ್ವಾ?”

“ಇಲ್ಲ ಸಾರ್.”

“ನನ್ನೇನಾದ್ರೂ ಕೇಳುದ್ವಾ ಐಕ್ಳು?”

ಕೇಳಿದರು ಸಾರ್, ದಿನಾ ಕೇಳಿದರು ಎಂದೆ. ಅದು ನಿಜವೇ ಆಗಿತ್ತು. ಅವರು ನಂಬಿದಂತೆ ಕಾಣಲಿಲ್ಲ. “ಅಂಗಾರೆ ಸರಿ” ಎಂದು ಬೀದಿಯ ಕಡೆ ನೋಡುತ್ತಾ ಕೂತರು. ಅವರಿಲ್ಲದೆಯೂ ಎಲ್ಲ ನೆಟ್ಟಗೆ ನಡೆದಿತ್ತು. ಆ ಸುದ್ದಿಯನ್ನು ಅವರಿಗೆ ತಂದವಳು ನಾನು.

ಮುಂದಿನ ಚಳಿಗಾಲವನ್ನು ಅವರು ನೋಡಲಿಲ್ಲ. ಆ ಚಾಕು ಆಮೇಲೆ ಏನಾಯಿತೋ ನನಗೆ ಗೊತ್ತಿಲ್ಲ. ಅವರ ಹೆಂಡತಿಯನ್ನು ಕೇಳಲು ಮನಸ್ಸಾಗಲಿಲ್ಲ.

ಮೊನ್ನೆ ಶ್ರೀರಂಗಪಟ್ಟಣದ ದೇವಸ್ಥಾನಕ್ಕೆ ಹೋಗಿ ಬರುವಾಗ ಒಂದು ಅಂಗಡಿಯ ಮುಂದೆ ಕಾಲು ತಾನಾಗಿ ನಿಂತಿತು. ಚಾಕು ಜೋಡಿಸಿಟ್ಟಿದ್ದ ಹುಡುಗ, ಮೇಡಂ ನೋಡಿ ಎಂದು ಒಂದನ್ನು ಒಂದೇ ಕೈಯಲ್ಲಿ ಬಿಚ್ಚಿದ. ಅದೇ ಕೈಯಲ್ಲಿ, ಹೆಬ್ಬೆರಳಿಂದ ಹಿಡಿಯೊಳಗಿನ ಬೀಗದ ತಗಡನ್ನು ಪಕ್ಕಕ್ಕೆ ತಳ್ಳಿ, ಮಡಚಿಯೂ ಬಿಟ್ಟ. ನಾನು ಇನ್ನೂ ಹತ್ತಿರಕ್ಕೆ ಸರಿದೆ.

“ಇನ್ನೊಂದ್ಸಲ ಮಡಚಪ್ಪ... ಎಡಗೈಲಿ ಆಗುತ್ತಾ?”

ಅವನು ಕೈ ಬದಲಿಸಿ ಮತ್ತೆ ಮಡಚಿದ. “ಯಾರ್ಗೆ ಮೇಡಂ?”

“ನಮ್ಮ ಮೇಷ್ಟ್ರಿಗೆ” ಎಂದುಬಿಟ್ಟೆ.

“ಅಂಗಾದ್ರೆ ಅವ್ರನ್ನೇ ಒಂದ್ಸಲ ಕರ್ಕಂಬನ್ನಿ. ಅವ್ರ್ ಕೈಗೆ ಕೂರುತ್ತಾ ಅಂತ ಅವ್ರೇ ಇಡ್ಕಂಡು ನೋಡ್ಬೇಕು.”

ಹೂಂ ಎಂದು ತಲೆಯಾಡಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದೆ. ಕಣ್ಣು ಒರೆಸಿಕೊಂಡಷ್ಟೂ ತುಂಬಿಕೊಳ್ಳುತ್ತಿತ್ತು.