ಅಮ್ಮ ಹೊಲಿದ ಬ್ರೀಫ್‌ಕೇಸ್

ಬೊಮ್ಮಸಂದ್ರದ ಕಾರ್ಖಾನೆಗಳ ನಡುವೆ ಇನ್ನೂ ಅಲ್ಲಲ್ಲಿ ರಾಗಿ ಹೊಲಗಳು ಉಳಿದಿದ್ದ ಕಾಲ ಅದು. ಶಿಫ್ಟ್ ಬಿಡುವ ಸೈರನ್ ಕೇಳಿಯೇ ನಮ್ಮ ವಠಾರದ ಹೆಂಗಸರು ಒಲೆ ಹಚ್ಚಲು ಏಳುತ್ತಿದ್ದರು. ಅಪ್ಪ ಔಷಧಿ ಕಂಪನಿಯಲ್ಲಿದ್ದ. ಅಮ್ಮ ಹೊರದೇಶಕ್ಕೆ ಚರ್ಮದ ಚೀಲ ಕಳಿಸುವ ಕಾರ್ಖಾನೆಯಲ್ಲಿದ್ದಳು.

ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಅಮ್ಮನಿಗೆ ಒಂದು ಬ್ರೀಫ್‌ಕೇಸ್ ಹೊಲಿಯುವ ಕೆಲಸ ಬಂತು. ಹೊರದೇಶದ ಗಿರಾಕಿಗೆ ತೋರಿಸುವ ಸ್ಯಾಂಪಲ್. ಮಿಷನ್ ಬೇಡ, ಪೂರ್ತಿ ಕೈಹೊಲಿಗೆಯೇ ಆಗಬೇಕು ಎಂದಿದ್ದರಂತೆ. ಕೈಹೊಲಿಗೆಯೆಂದರೆ ಅಲ್ಲಿ ಅಮ್ಮನೇ. ಮನೆಯಲ್ಲೇ ಕೂತು ನಿಧಾನವಾಗಿ ಮಾಡು ಎಂದು ತೊಗಲು ಕೊಟ್ಟು ಕಳಿಸಿದರು.

ಬಾಗಿಲ ಬೆಳಕಿಗೆ ಚಾಪೆ ಹಾಸಿಕೊಂಡು ಅಮ್ಮ ಕೂರುತ್ತಿದ್ದಳು. ದಾರಕ್ಕೆ ಜೇನುಮೇಣ ಉಜ್ಜಿ, ಅದರ ಎರಡು ತುದಿಗೂ ಸೂಜಿ ಪೋಣಿಸಿ, ದಬ್ಬಣದಿಂದ ತೊಗಲಿಗೆ ತೂತು ಮಾಡಿ, ಒಂದೇ ತೂತಿನಲ್ಲಿ ಆ ಕಡೆಯಿಂದೊಂದು ಈ ಕಡೆಯಿಂದೊಂದು ಸೂಜಿ ತೂರಿಸಿ ಎಳೆಯುವಳು. ಎಳೆದಾಗೆಲ್ಲ ತೊಗಲು ಕಿರ್ರೆನ್ನುತ್ತಿತ್ತು. ಮನೆ ತುಂಬ ಅದೇ ವಾಸನೆ, ಬಸ್ಸಾರಿನಲ್ಲೂ ಅದೇ. ಕತ್ತರಿಸಿ ಉಳಿದ ಚೂರುಗಳು ನಮ್ಮ ಕುಂಟೆಬಿಲ್ಲೆಗೆ ಬಿಲ್ಲೆಗಳಾದವು. ಹೆಂಚಿನ ಚೂರಿನಂತೆ ಜಾರದೆ ಎಸೆದಲ್ಲೇ ಕೂರುತ್ತಿದ್ದವು.

ಹಿಡಿ ಕೂರಿಸಿದ ದಿನ ನಾನು ಅದನ್ನು ಹಿಡಿದು ವಠಾರದ ಉದ್ದಕ್ಕೂ ಆಫೀಸರಿನಂತೆ ನಡೆದೆ.

"ನೆಲಕ್ಕಿಡಬ್ಯಾಡ ಕಣೇ, ಗೀರು ಬೀಳ್ತದೆ" ಎನ್ನುತ್ತ ಅಮ್ಮ ಹಿಂದೆಯೇ ಬಂದಳು. ನಗುತ್ತಿದ್ದಳು.

ಅದನ್ನು ಒಪ್ಪಿಸುವ ದಿನ ಹಟ ಮಾಡಿ ನಾನೂ ಕಾರ್ಖಾನೆಗೆ ಹೋದೆ. ಮ್ಯಾನೇಜರ್ ಬ್ರೀಫ್‌ಕೇಸನ್ನು ಕಿಟಕಿಯ ಬಳಿ ಒಯ್ದು ತಿರುಗಿಸಿ ನೋಡಿದರು. ಮುಚ್ಚಳದ ಮೇಲೆ ಅವರ ಬೆರಳು ನಿಂತಿತು.

"ಹೊಲಿಗೆ ಬಗ್ಗೆ ಮಾತೇ ಇಲ್ಲ ರತ್ನಮ್ಮ. ತೊಗಲಲ್ಲೇ ಕಲೆ ಇದೆ ನೋಡಿ. ದನಕ್ಕೆ ಉಣ್ಣೆಹುಳ ಕಚ್ಚಿದ್ದು."

"ಪಾಲಿಷ್ ಹಾಕಿದ್ರೆ ಮುಚ್ಚೋಯ್ತದೆ ಸಾರ್."

"ಅವ್ರು ಒಪ್ಪಲ್ಲಮ್ಮ. ಬೇರೆ ತೊಗಲಲ್ಲಿ ಮೊದಲಿಂದ ಮಾಡ್ಬೇಕು."

ನನಗೆ ಒಳಗೊಳಗೇ ಖುಷಿಯಾಯಿತು. "ಹಂಗಾದ್ರೆ ಇದು ನಮಗೇನಾ?" ಎಂದು ಕೇಳಿದೆ.

ಮ್ಯಾನೇಜರ್ ಅಮ್ಮನ ಮುಖ ನೋಡಿದರು. "ಬೇಡ ಅಂದ ಮಾಲು ಹೊರಗೆ ಹೋಗೋ ಹಾಗಿಲ್ಲ ಪುಟ್ಟಿ. ಕುಯ್ದು ಹಾಕ್ಬೇಕು."

ಚಾಕು ಹಿಡಿದು ಒಬ್ಬಾತ ಬಂದ. ಅಮ್ಮ ಅವನಿಗೆ ಕೈ ಅಡ್ಡ ಹಿಡಿದಳು. "ತಡಿಯಣ್ಣ. ನಾನೇ ಕುಯ್ತೀನಿ."

ನನಗೆ ನಂಬಿಕೆ ಬರಲಿಲ್ಲ. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಅಮ್ಮ ಮೊಣಕಾಲೂರಿ ಕೂತು, ಮುಚ್ಚಳದ ಮೇಲೆ ಎಡಗೈ ಒತ್ತಿ ಹಿಡಿದು, ಆ ಅಂಚಿನಿಂದ ಈ ಅಂಚಿನವರೆಗೆ ಒಂದೇ ಎಳೆತಕ್ಕೆ ಸೀಳಿದಳು. ಆಮೇಲೆ ಹೊಟ್ಟೆಯ ಭಾಗ. ಆಮೇಲೆ ಹಿಡಿ. ಹೊಲಿಗೆಯ ಸಾಲನ್ನು ಮಾತ್ರ ಎಲ್ಲೂ ಮುಟ್ಟಲಿಲ್ಲ. ಸುತ್ತಲಿನ ಮಿಷನ್‌ಗಳು ಒಂದೊಂದಾಗಿ ನಿಂತವು. ನನಗೆ ಅಳುವೂ ಬರಲಿಲ್ಲ.

ವಾಪಸು ಬರುವಾಗ ದೊಡ್ಡ ರಸ್ತೆ ದಾಟಲು ಅಮ್ಮ ಕೈ ಚಾಚಿದಳು. ನಾನು ಹಿಡಿಯಲಿಲ್ಲ. ಆ ಕೈ ನೋಡಲು ಭಯವಾಗುತ್ತಿತ್ತು. ಅವಳು ನನ್ನ ಲಂಗದ ಅಂಚು ಹಿಡಿದು ದಾಟಿಸಿದಳು.

ಸಂಜೆ ಮುದ್ದೆ ತಟ್ಟೆ ಮುಂದೆ ಕೂತು ಕೊನೆಗೂ ಕೇಳಿದೆ, "ಯಾಕಮ್ಮಾ ನೀನೇ ಕುಯ್ದೆ?"

"ಅವ್ನು ಅಡ್ಡಾದಿಡ್ಡಿ ಎಳೆದಾಕಿರೋನು ಕಣೇ. ಅದನ್ನ ನಿಂತ್ಕಂಡು ನೋಡಕ್ಕೆ ನನ್ ಕೈಲಿ ಆಯ್ತಿರ್ಲಿಲ್ಲ" ಎಂದವಳು ತನ್ನ ತಟ್ಟೆಯನ್ನು ಹಾಗೇ ಮುಚ್ಚಿಟ್ಟಳು.

ಎರಡನೆಯದನ್ನು ಅವಳು ಹೊಲಿಯಲಿಲ್ಲ. ಮಳೆಗಾಲಕ್ಕೆ ಮುಂಚೆಯೇ ಗಾರ್ಮೆಂಟ್ಸ್ ಸೇರಿದಳು. ಅಲ್ಲಿ ಅವಳದು ಬರೀ ಕಾಲರು. ತೋಳು ಇನ್ನೊಬ್ಬರದು, ಗುಂಡಿ ಮತ್ತೊಬ್ಬರದು. ಚರ್ಮದ ಕಾರ್ಖಾನೆ ಮುಚ್ಚಿ ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಅಮ್ಮ ಹೋಗಿಯೂ ಕೆಲವು ವರ್ಷಗಳಾದವು. ಒಂದು ವಸ್ತು ಮೊದಲಿಂದ ಕೊನೆಯವರೆಗೆ ಅವಳ ಕೈಯಲ್ಲಿ ರೂಪ ಪಡೆಯುವುದನ್ನು ನಾನು ಮತ್ತೆಂದೂ ನೋಡಲಿಲ್ಲ. ನನ್ನ ಮಗಳು ಅಜ್ಜಿ ಏನು ಮಾಡುತ್ತಿದ್ದಳು ಎಂದು ಕೇಳಿದರೆ, ಬಾಯಲ್ಲಿ ಹೇಳಬಹುದು. ತೋರಿಸಲು ಮನೆಯಲ್ಲಿ ಏನೂ ಇಲ್ಲ.